ಐದನೇ ಮೈಲಿ

ನಮ್ಮ ಊರಿನಲ್ಲಿ ಒಂದು ವಸ್ತು ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಜನ "ಗೋಡೇಲಿ ಐತಾ?" ಎಂದು ಕೇಳುತ್ತಾರೆ. ಗೋಡೆ ಎಂದರೆ ಚಾವಡಿಯ ಒಳಗೋಡೆ. ಅದರ ಮೇಲೆ ಸುತ್ತಲ ಸೀಮೆಯ ಹಳೆಯ ನಕಾಶೆ ತೂಗುತ್ತದೆ. ಗುಡ್ಡಗಳ ಏರಿಳಿತಕ್ಕೆ ಕಂದು ಗೆರೆ, ಹಳ್ಳಕ್ಕೆ ಕೆರೆಗೆ ನೀಲಿ, ರಸ್ತೆಗೆ ಕೆಂಪು, ಕಾಲುದಾರಿಗೆ ಸಾಲು ಚುಕ್ಕಿ. ಅಳೆದವರು ಯಾರೋ ಗೊತ್ತಿಲ್ಲ. ಚೌಕಟ್ಟಿನ ಹೊರಗೆ ಇಸವಿ ಅಚ್ಚಾಗಿದ್ದ ಜಾಗವನ್ನು ಗೆದ್ದಲು ತಿಂದಿದೆ. ದಿನಾ ಬೆಳಗಿನ ಜಾವಕ್ಕೆ ನೆಲ ಮತ್ತೆ ಆ ನಕಾಶೆಯಲ್ಲಿ ಇರುವಂತೆ ಆಗಿರುತ್ತದೆ.

ಬೆಳೆದದ್ದನ್ನು ನೆಲ ಮುಟ್ಟುವುದಿಲ್ಲ. ತೋಡಿದ್ದನ್ನು, ಕಟ್ಟಿದ್ದನ್ನು ಉಳಿಸುವುದಿಲ್ಲ. ನಿನ್ನೆ ತೆಗೆದ ಗುಂಡಿ ಇವತ್ತು ಹುಡುಕಿದರೂ ಸಿಗದು. ಯಾವ ಕಾಲದಿಂದಲೋ ಯಾರೂ ಬಂದು ಇಳಿಯದ ಪ್ರವಾಸಿ ಬಂಗಲೆ ನಕಾಶೆಯಲ್ಲಿ ಇರುವುದರಿಂದ ದಿನಾ ಬೆಳಗ್ಗೆ ಹೊಸ ಸುಣ್ಣದ ವಾಸನೆ ಹೊಡೆಯುತ್ತದೆ. ಊರಾಚೆಯ ಸುಣ್ಣದ ಗೂಡಿನಲ್ಲಿ ಬೂದಿ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ನಾಯಿಗಳೆಲ್ಲ ಅಲ್ಲೇ ಮಲಗುತ್ತವೆ. ಜಲ್ಲಿ ರಸ್ತೆಯಲ್ಲಿ ಎಂದೂ ಗುಂಡಿ ಬೀಳುವುದಿಲ್ಲ. ಊರಿನ ಒಂದೇ ಬಸ್ಸಿನ ಮಾಲೀಕ ಕೊಟ್ರೇಶಪ್ಪ ಇಪ್ಪತ್ತು ವರ್ಷ ಹಳೆಯ ಗಾಡಿಯನ್ನು ಇನ್ನೂ ಹೊಸದೆಂದು ಹೇಳಿಕೊಂಡು ಓಡಿಸುವುದು ಅದರಿಂದಲೇ.

ಮನೆಗಳ ವಿಷಯಕ್ಕೆ ಬಂದರೆ, ಮನುಷ್ಯರು ಮಲಗಿದ ಮನೆಯನ್ನು ನೆಲ ಬಿಟ್ಟುಬಿಡುತ್ತದೆ. ನಕಾಶೆಯಲ್ಲಿಲ್ಲದ ಮನೆಯಲ್ಲಿ ಯಾರೂ ಮಲಗದಿದ್ದರೆ ಅದು ಬೆಳಗ್ಗೆ ಇರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಮದುವೆಗೆಂದು ಬೇರೆ ಊರಿಗೆ ಹೋಗುವವರು ಮೊದಲು ಹುಡುಕುವುದು ತಮ್ಮ ಮನೆಯಲ್ಲಿ ಮಲಗುವವರನ್ನು. ಗೊರಕೆ ಹೊಡೆಯುವವರಿಗೂ ಆಗ ಮರ್ಯಾದೆ ಇರುತ್ತದೆ.

ನಾನು ಈ ಊರಿಗೆ ಮದುವೆಯಾಗಿ ಬಂದವಳು. ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದ್ದೆ. ನನ್ನ ಗಂಡ ರುದ್ರಮುನಿ ಇಲ್ಲಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಮದುವೆಯಾದ ಎರಡನೇ ಮಳೆಗಾಲದಲ್ಲಿ ಜ್ವರ ಬಂದು ಹೋದರು. ಮಣ್ಣು ಮಾಡಿದ ಮರುದಿನ ನಾನು ಅಲ್ಲಿಗೆ ಹೋದೆ. ಗುಡ್ಡೆ ಇರಲಿಲ್ಲ. ಹುಲ್ಲು ಇತ್ತು. ಇಲ್ಲಿ ಎಲ್ಲರದೂ ಹಾಗೆಯೇ ಎಂದು ಜೊತೆಗೆ ಬಂದ ಹೆಂಗಸರು ಸಮಾಧಾನ ಹೇಳಿದರು. ನನಗೆ ಸಮಾಧಾನವೂ ಬೇಕಿರಲಿಲ್ಲ, ಅಳುವೂ ಬಂದಿರಲಿಲ್ಲ.

ಅವರು ಹಿತ್ತಿಲಲ್ಲಿ ಓದುವುದಕ್ಕೆಂದು ಒಂದು ಕೋಣೆ ಕಟ್ಟಿಕೊಂಡಿದ್ದರು. ಅವರಿರುವಾಗ ಅಲ್ಲೇ ಮಲಗುತ್ತಿದ್ದೆವು. ಅವರು ಹೋದ ಮೇಲೆ ಅದು ಅಳಿಯಬಾರದೆಂದು ನಾನೊಬ್ಬಳೇ ಮಲಗತೊಡಗಿದೆ. ಅತ್ತೆ ಸರ್ವಮಂಗಳಮ್ಮ ದೊಡ್ಡ ಮನೆಯಲ್ಲಿ ಒಬ್ಬರೇ ಮಲಗುತ್ತಿದ್ದರು. ಒಂದೇ ಅಂಗಳದ ಎರಡು ದೀಪ. ತವರಿನಿಂದ ಅಣ್ಣ ಬಂದು ನಾಲ್ಕು ದಿನ ಇದ್ದು ಬಾ ಎಂದು ಕರೆದಾಗ ಬರುವುದಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅವನ ಊರಿನಲ್ಲಿ ಖಾಲಿ ಮನೆಗಳು ನಿಲ್ಲುತ್ತವೆ.

ಚಾವಡಿಯಲ್ಲಿ ನಕಾಶೆ ಓದಿ ಹೇಳುತ್ತಿದ್ದ ಹಿರಿಯರಿಗೆ ಕಣ್ಣು ಮಂಜಾದಾಗ ಆ ಕೆಲಸವನ್ನು ನನಗೆ ಕೊಟ್ಟರು. ಓದಿದವಳು, ಮನೆಯಲ್ಲಿ ಕುಳಿತು ಕೊರಗುವುದಕ್ಕಿಂತ ಗೋಡೆ ನೋಡಿಕೊಂಡಿರಲಿ ಎಂದು ಕೊಟ್ರೇಶಪ್ಪನೇ ಹೇಳಿದನಂತೆ. ಜನ ಬರುತ್ತಿದ್ದರು. ತಾತನ ಹೊಲದ ಎಲ್ಲೆ ಹಳ್ಳದ ಈಚೆಗೋ ಆಚೆಗೋ ಎಂದು ಕೇಳುವವರು, ತಮ್ಮ ಮನೆದೇವರ ಗುಡಿ ಮೊದಲು ಯಾವ ಗುಡ್ಡದ ಮೇಲಿತ್ತು ಎಂದು ಕೇಳುವವರು. ನಾನು ನಕಾಶೆಯ ಮುಂದೆ ನಿಂತು ತೋರಿಸುತ್ತಿದ್ದೆ. ಇಲ್ಲಿ ಕುದುರೆ ಬದಲಿಸುವ ಕಟ್ಟೆ ಇತ್ತು. ಇಲ್ಲಿ ಈಚಲ ತೋಪಿನ ನಡುವೆ ಸಂತೆ ಸೇರುತ್ತಿತ್ತು. ಈ ಎರಡು ಊರಿಗೆ ಒಂದೇ ಹೆಸರಿದೆ, ಅಂದರೆ ಒಂದರ ಜನ ಇನ್ನೊಂದಕ್ಕೆ ಹೋಗಿ ನೆಲೆಸಿದ್ದಾರೆ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಮಾತು ನನ್ನಲ್ಲಿ ಇರಲಿಲ್ಲ.

ಮಾರಕ್ಕ ಬಂದದ್ದು ಒಂದು ಮಧ್ಯಾಹ್ನ. ಅವಳು ಮುತ್ತುಗದಹಟ್ಟಿಯವಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಅಂಗೈ ತುಂಬ ಹಾರೆ ಹಿಡಿದ ಗಂಟು. ಹಟ್ಟಿಯನ್ನು ನಾನು ಬಸ್ಸಿನಿಂದ ನೋಡಿದ್ದೆ. ರಸ್ತೆಯ ಪಕ್ಕದಲ್ಲಿ ಇಪ್ಪತ್ತು ಮನೆಗಳು ಒಂದಕ್ಕೊಂದು ಒತ್ತಿಕೊಂಡು, ನಡುವೆ ಒಂದು ಕೋಳಿ ತೂರಲೂ ಸಂದಿಯಿಲ್ಲದೆ ನಿಂತಿವೆ. ಅಂಗಳವಿಲ್ಲ, ಹಿತ್ತಿಲಿಲ್ಲ. ಹೊಸ್ತಿಲು ದಾಟಿದರೆ ರಸ್ತೆ. ಅವರ ಹಟ್ಟಿ ಗೋಡೆಯಲ್ಲಿ ಇಲ್ಲ. ಆದ್ದರಿಂದ ಅವರಿಗೆ ನೆಲವೂ ಇಲ್ಲ. ಮನೆಗಳಷ್ಟೇ ಇವೆ, ಜನ ಅವುಗಳಲ್ಲಿ ಮಲಗುತ್ತಾರೆಂಬ ಕಾರಣಕ್ಕೆ. ನೀರಿಗೆ ದಿನಾ ರಸ್ತೆ ಬದಿಯ ಚರಂಡಿಯಲ್ಲಿ ಗುಂಡಿ ತೋಡುತ್ತಾರೆ. ಹೊತ್ತು ನೆತ್ತಿಗೆ ಬರುವಾಗ ಕೆಸರು ನೀರು ಜಿನುಗುತ್ತದೆ. ಬೆಳಗಾದರೆ ಗುಂಡಿ ಮುಚ್ಚಿಹೋಗಿರುತ್ತದೆ. ಮತ್ತೆ ತೋಡುತ್ತಾರೆ. ಮಾರಕ್ಕನ ತಾಯಿ ತೋಡಿದ್ದಳು, ತಾಯಿಯ ತಾಯಿ ತೋಡಿದ್ದಳು. ಊರಿನ ಕೆರೆಗೆ ಬಂದರೆ ಊರವರೆಲ್ಲ ತುಂಬಿಕೊಂಡು ಹೋಗುವವರೆಗೆ ಏರಿಯ ಕೆಳಗೆ ಕಾಯಬೇಕು.

ಅವಳು ನಕಾಶೆಯನ್ನು ನೋಡಲಿಲ್ಲ. ನನ್ನನ್ನು ನೋಡಿ ಮಾತಾಡಿದಳು. ಹಟ್ಟಿಯ ಗಂಡಸರು ಇನ್ನು ಸಾಕೆಂದು ತೀರ್ಮಾನ ಮಾಡಿದ್ದಾರೆ. ಹೊಳೆಯಾಚೆ ಇಟ್ಟಿಗೆ ಭಟ್ಟಿಯವರು ಕರೆದಿದ್ದಾರೆ. ಅಮಾವಾಸ್ಯೆ ಕಳೆದ ಬೆಳಗ್ಗೆ ಗಾಡಿಗಳು ಬರುತ್ತವೆ. ಎಲ್ಲರೂ ಹೋದ ರಾತ್ರಿಯೇ ಮನೆಗಳು ಹೋಗುತ್ತವೆ. ಆಮೇಲೆ ಅಲ್ಲಿ ಹಟ್ಟಿಯೊಂದು ಇತ್ತೆಂದು ಹೇಳಲು ಒಂದು ಕಲ್ಲೂ ಉಳಿಯುವುದಿಲ್ಲ.

"ನಮ್ಮಜ್ಜಿ ಯೋಳೋಳು, ಅವ್ರಜ್ಜಿ ಮೆಟ್ಲು ಇಳ್ದು ನೀರು ತಂದಿದ್ಲು ಅಂತ. ಮೆಟ್ಲು ತಾಯಿ. ಚರಂಡಿಗೆ ಯಾರಾನ ಮೆಟ್ಲು ಕಟ್ತಾರಾ? ನಮ್ ಹಟ್ಟಿ ಯಾವತ್ತಾರ ಗೋಡೇಲಿ ಇತ್ತಾ ಅಂತ ಒಂದ್ಸಲ ನೋಡ್ಬುಡು. ಇಲ್ಲ ಅಂದ್ರೆ ಇಲ್ಲ ಅನ್ನು. ನಾನೂ ಗಾಡಿ ಹತ್ತೀನಿ."

ನೋಡಿದೆ. ನನಗೆ ಉತ್ತರ ಮೊದಲೇ ಗೊತ್ತಿತ್ತು. ಊರಿನಿಂದ ಮೂಡಲಿಗೆ ಹೋಗುವ ಕೆಂಪು ಗೆರೆಯ ಮೇಲೆ ಬೆರಳಿಟ್ಟು ಹೋದೆ. ಮೊದಲನೇ ಮೈಲಿಕಲ್ಲು, ಎರಡು, ಮೂರು, ನಾಲ್ಕು, ಆರು. ಐದನೆಯದು ಇಲ್ಲ. ರಸ್ತೆಯಲ್ಲೂ ಇಲ್ಲ. ನಮ್ಮ ಊರಿನ ಮಕ್ಕಳು ಬಸ್ಸಿನಲ್ಲಿ ಕೂತು ಕಲ್ಲು ಎಣಿಸುವಾಗ ನಾಲ್ಕು ಆದ ಮೇಲೆ ಆರು ಎಂದೇ ಎಣಿಸುತ್ತಾರೆ. ಅದು ಹಾಗೇಕೆ ಎಂದು ಯಾರೂ ಕೇಳಿದ್ದಿಲ್ಲ. ನಾನು ಕೂಡ. ಹಟ್ಟಿ ಇರುವುದು ನಾಲ್ಕಕ್ಕೂ ಆರಕ್ಕೂ ನಡುವೆ. ನಕಾಶೆಯಲ್ಲಿ ಅಲ್ಲಿ ಇದ್ದದ್ದು ಎರಡು ಹಾಳೆಗಳನ್ನು ಸೇರಿಸಿ ಅಂಟಿಸಿದ ಜಾಗ, ಅಷ್ಟೇ.

ಮಾರಕ್ಕನಿಗೆ ಇಲ್ಲ ಎಂದು ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದೆ. ಅವಳು ಹೋದ ಮೇಲೆ ಬಾಗಿಲು ಮುಚ್ಚಿ ನಕಾಶೆಯ ಮುಂದೆ ನಿಂತೆ. ಇಡೀ ನಕಾಶೆಯ ಮೇಲೆ ಸಣ್ಣ ಕಪ್ಪು ಗೆರೆಗಳ ಚೌಕಗಳಿವೆ. ಎಲ್ಲ ಚೌಕಗಳೂ ಒಂದೇ ಅಳತೆ. ಸೆರಗಿನಿಂದ ಒಂದು ದಾರ ಎಳೆದು ಚೌಕದ ಅಗಲಕ್ಕೆ ಹಿಡಿದು ಸಾಲಾಗಿ ಅಳೆಯುತ್ತ ಹೋದೆ. ಎರಡು ಹಾಳೆ ಕೂಡುವ ಕಡೆ ಮೇಲಿನಿಂದ ಕೆಳಗಿನವರೆಗೆ ಒಂದು ಸಾಲು ಚೌಕಗಳು ಕಿರಿದಾಗಿದ್ದವು. ಹೆಬ್ಬೆರಳಿನಷ್ಟು ಅಗಲ ಎಲ್ಲಿಗೋ ಹೋಗಿತ್ತು. ಅಲ್ಲಿ ಬೆರಳಾಡಿಸಿದೆ. ಕಾಗದ ದಪ್ಪಗಿತ್ತು.

ನೆಲದ ಒಂದು ಪಟ್ಟಿ ಕಾಗದದ ಕೆಳಗೆ ಕಾಗದವಾಗಿ ಕುಳಿತಿತ್ತು.

ಮರುದಿನ ಬೆಳಗ್ಗೆ ಬುಡೇನ್ ಸಾಬರ ಅಂಗಡಿಗೆ ಹೋದೆ. ಊರಿನಲ್ಲಿ ಪುಸ್ತಕ ಕಟ್ಟುವವರು ಅವರೊಬ್ಬರೇ. ಈ ಎರಡು ಹಾಳೆಗಳನ್ನು ಬಟ್ಟೆಗೆ ಅಂಟಿಸಿ ನಕಾಶೆ ಮಾಡಿದ್ದು ಅವರ ತಾತ. ನಾನು ಹೇಳಿದ್ದನ್ನು ಕೇಳಿ ಅವರಿಗೆ ಮೊದಲು ಸಿಟ್ಟು ಬಂತು. ತಾತ ಹಾಕಿದ ಅಂಟು ಹುಣಸೆ ಬೀಜದ್ದು, ಅದಕ್ಕೆ ಮೈಲುತುತ್ತ ಬೆರೆಸಿದ್ದರು, ಅಂಟಿಸಿದ ಜಾಗಕ್ಕೆ ಇವತ್ತಿನವರೆಗೆ ಒಂದು ಹುಳ ಹತ್ತಿಲ್ಲ, ಅಂಥವರು ಜೋಡಿಸುವುದರಲ್ಲಿ ತಪ್ಪುತ್ತಾರೆಯೇ ಎಂದರು. ಆಮೇಲೆ ಬಂದು ತಾವೂ ಬೆರಳಾಡಿಸಿ ನೋಡಿದರು. ಮನೆಯಲ್ಲಿ ಹೇಳಿಕೊಂಡು ಬಂದ ಒಂದು ಮಾತು ಅವರಿಗೆ ನೆನಪಾಯಿತು. ತಾತ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಪಡುವಣ ಹಾಳೆಯ ರಸ್ತೆ ಅಂಚಿನ ಹತ್ತಿರ ಸೊಟ್ಟಗೆ ಹೋಗಿತ್ತಂತೆ. ಬರೆದವರ ಕೈ ತಪ್ಪಿದೆ ಎಂದುಕೊಂಡರಂತೆ. ಊರಿನ ಹಿರಿಯರೂ ನಿಂತು ನೋಡಿ, ರಸ್ತೆ ನೆಟ್ಟಗಿರಲಿ ಎಂದರಂತೆ. ತಾತ ಮೂಡಣ ಹಾಳೆಯನ್ನು ಪಡುವಣದ ಮೇಲೆ ಸರಿಸುತ್ತ ಬಂದು, ನೆಟ್ಟಗಿನ ಗೆರೆಗೆ ನೆಟ್ಟಗಿನ ಗೆರೆ ಕೂಡಿದ ಕಡೆ ನಿಲ್ಲಿಸಿ ಅಂಟಿಸಿದರಂತೆ. ಅಷ್ಟು ಅಚ್ಚುಕಟ್ಟಾಗಿ ಕೂಡಿಸಿದ್ದಕ್ಕೆ ಊರಿನವರು ಅವರಿಗೆ ಪೇಟ ಸುತ್ತಿದ್ದರು. ಪೇಟ ಈಗಲೂ ಅಂಗಡಿಯಲ್ಲಿದೆ.

"ಬಿಡಿಸ್ಬೋದು," ಅಂದರು ಸಾಬರು. "ಆದ್ರೆ ನನ್ನ ಕೈ ನೋಡು ಸುಮಿತ್ರಮ್ಮ." ಎತ್ತಿ ಹಿಡಿದ ಕೈ ಎಲೆಯಂತೆ ಅಲುಗುತ್ತಿತ್ತು.

ಅದು ಹರಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಹಿಂದೊಮ್ಮೆ ಇಲಿಯೊಂದು ನಕಾಶೆಯ ಮೂಲೆ ಕಡಿದಿತ್ತು. ಮರುದಿನ ಈಶಾನ್ಯದ ಗುಡ್ಡದ ತುದಿ ಇರಲಿಲ್ಲ. ಈಗಲೂ ಇಲ್ಲ. ಅಲ್ಲಿ ಕಂದಕವೂ ಇಲ್ಲ, ಬಯಲೂ ಇಲ್ಲ. ಅತ್ತ ಹೋದ ಕುರಿಗಳು ತಾವಾಗಿಯೇ ತಿರುಗಿ ಬರುತ್ತವೆ. ಹಟ್ಟಿಯ ಮೇಲೆ ಕಾಗದ ಹರಿದರೆ ಮಲಗಿದವರ ಮನೆಗಳು ಉಳಿಯುತ್ತವೋ ಇಲ್ಲವೋ ಹೇಳುವವರಿರಲಿಲ್ಲ. ನಾನು ಕೈ ಚಾಚಿ ಸಾಬರ ಕೈಯ ಪಕ್ಕ ಹಿಡಿದೆ. ನನ್ನದು ಅಲುಗಲಿಲ್ಲ. ಗಂಡ ಹೋದಂದಿನಿಂದ ನನ್ನಲ್ಲಿ ಏನೂ ಅಲುಗಿರಲಿಲ್ಲ. ಅದು ಯಾವುದಕ್ಕಾದರೂ ಉಪಯೋಗವಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಬಿಡಿಸುವುದೋ ಬೇಡವೋ ಎಂದು ತೀರ್ಮಾನಿಸಲು ಚಾವಡಿಯಲ್ಲಿ ಜನ ಸೇರಿದರು. ಕೊಟ್ರೇಶಪ್ಪ ಮೊದಲು ಎದ್ದ. ಚಾವಡಿಯ ಯಜಮಾನಿಕೆಯೂ ಅವನದೇ. ಕೆಟ್ಟವನಲ್ಲ, ಆದರೆ ಬಸ್ಸಿನ ಮುಂದೆ ಅವನಿಗೆ ಬೇರೇನೂ ಕಾಣುವುದಿಲ್ಲ. ಅಡಿಯಲ್ಲಿ ಏನಿದೆಯೆಂದು ಕಂಡವರಿಲ್ಲ, ನೆಟ್ಟಗಿರುವ ರಸ್ತೆಯನ್ನು ಬಿಡಿಸಿ ಅರ್ಧಕ್ಕೆ ನಿಂತುಹೋದರೆ ಮೂಡಲ ಸೀಮೆಗೆ ಹೋಗುವವರ ಗತಿ ಏನು, ಆಸ್ಪತ್ರೆ ಇರುವುದು ಅತ್ತಲೇ ಅಲ್ಲವೇ ಎಂದು ಕೇಳಿದ. ಕೇಳಿದ್ದರಲ್ಲಿ ನ್ಯಾಯವಿತ್ತು. ಹಲವರು ತಲೆಯಾಡಿಸಿದರು. ಪಟ್ಟಿ ಬಿಚ್ಚಿದರೆ ಮೂಡಲ ಊರುಗಳೆಲ್ಲ ಅಷ್ಟು ದೂರ ಸರಿಯುತ್ತವೆ ಎಂದು ಯಾರೋ ಲೆಕ್ಕ ಹಾಕಿದರು. ಅದನ್ನು ಕೇಳಿ ಹಿಂದಿನ ಸಾಲಿನಿಂದ ಒಬ್ಬ, ತನ್ನ ಅತ್ತೆಯ ಮನೆ ಆ ಕಡೆಯೇ ಇರುವುದು, ಒಂದು ಮೈಲಿ ದೂರವಾಗುವುದಾದರೆ ತನ್ನ ಒಪ್ಪಿಗೆ ಇದೆ ಎಂದ. ಅವನ ಹೆಂಡತಿ ಅಲ್ಲೇ ಇದ್ದಳು. ಚಾವಡಿ ನಕ್ಕಿತು.

ಮಾರಕ್ಕ ಬಾಗಿಲ ಹೊರಗೆ ನಿಂತಿದ್ದಳು. ಹಟ್ಟಿಯವರು ಚಾವಡಿಯ ಒಳಗೆ ಬರುವ ರೂಢಿಯಿಲ್ಲ. ನಗು ನಿಂತ ಮೇಲೆ ಅಲ್ಲಿಂದಲೇ ಮಾತಾಡಿದಳು.

"ಕೊಟ್ರೇಶಣ್ಣ, ನಾಕ್ನೇ ಕಲ್ಲಿಂದ ಆರ್ನೇ ಕಲ್ಲಿಗೆ ಎಲ್ಡು ಮೈಲಿ ಅಂತ ಟಿಕೀಟು ಹರೀತೀಯಲ್ಲ. ಆ ಐದ್ನೇ ಮೈಲಿ ನಾವೇ ಕಣಣ್ಣ. ದಿನಾ ನಮ್ಮ ಮ್ಯಾಲೆ ಹಾಯ್ಸಕಂಡು ಓಗ್ತೀಯ. ನಾಕು ದಿನ ತಡ್ಕಾ, ಆಮ್ಯಾಕೆ ಅಡ್ಡ ಬರೋರು ಯಾರೂ ಇರಾದಿಲ್ಲ."

ಯಾರೂ ನಗಲಿಲ್ಲ. ಕೊಟ್ರೇಶಪ್ಪ ಟವಲಿನಿಂದ ಕತ್ತು ಒರೆಸಿಕೊಂಡ. ಕೊನೆಗೆ ಒಂದು ಕರಾರು ಹಾಕಿದ. ಬಿಡಿಸಿ. ಆದರೆ ರಸ್ತೆ ತುಂಡಾಗಿದ್ದರೆ ಮರುದಿನವೇ ಇದ್ದಂತೆ ಅಂಟಿಸಬೇಕು. ಹರಿದರೆ ಏನು ಎಂದು ಅವನು ಕೇಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಅಮಾವಾಸ್ಯೆಯ ದಿನವೇ ಆಗಲಿ ಎಂದಾಯಿತು. ಮರುದಿನ ಬೆಳಗ್ಗೆ ಗಾಡಿಗಳು ಬರುವುದಿತ್ತು. ಅದಕ್ಕಿಂತ ಮೊದಲು ಸಾಬರು ಅಂಟು ಕಾಯಿಸಿ ಹದ ಮಾಡಿಕೊಳ್ಳಬೇಕಿತ್ತು.

ಅಂಟಿಸಿದ ಮೇಲೆ ಹಾಳೆಗಳ ಕೂಡು ಒಣಗಲು ಬೆಳಗಾಗುವ ತನಕ ನಕಾಶೆಯ ಹತ್ತಿರ ಕಾಯಬೇಕೆಂದು ಸಾಬರು ಹೇಳಿದ್ದರು. ಬಟ್ಟೆ ಜೋಲಿದರೆ ಹಾಳೆ ಸರಿಯುತ್ತದೆ, ಒಂದು ನೂಲು ಸರಿದರೂ ನೆಲ ಅಷ್ಟು ಸರಿಯುತ್ತದೆ. ಅಂದರೆ ಆ ರಾತ್ರಿ ನಾನು ಹಿತ್ತಿಲ ಕೋಣೆಯಲ್ಲಿ ಮಲಗುವಂತಿರಲಿಲ್ಲ. ಅತ್ತೆಗೆ ಇದು ನನಗಿಂತ ಮೊದಲೇ ಹೊಳೆದಿತ್ತು. ಊಟಕ್ಕೆ ಬಡಿಸುತ್ತ, "ಪಕ್ಕದ ಮನೇರನ್ನ ಇಲ್ಲಿ ಮಲಗಿಸ್ತೀನಿ. ಕೋಣೇಲಿ ನಾನು ಮಲಗ್ತೀನಿ," ಎಂದರು. ನಾನು ಹೂಂ ಎನ್ನಬೇಕೆಂದು ಬಾಯಿ ತೆರೆದೆ. "ಬೇಡ ಅತ್ತೆ" ಎಂದು ಬಂತು.

ಅವರು ಸೌಟು ಹಿಡಿದೇ ನಿಂತರು.

"ಬಿಟ್ಬಿಡೋಣ. ನನಗೆ ಅಲ್ಲಿ ನಿದ್ದೆ ಬರ್ತಿರಲಿಲ್ಲ. ಒಂದು ದಿನವೂ ಬಂದಿಲ್ಲ."

ಅತ್ತೆ ಬೈಯಬಹುದು ಎಂದುಕೊಂಡೆ. ಅವರು ಕೂತರು. ತಮಗೂ ದೊಡ್ಡ ಮನೆಯಲ್ಲಿ ಒಬ್ಬರಿಗೇ ನಿದ್ದೆ ಬರುತ್ತಿರಲಿಲ್ಲ, ಕೋಣೆಯ ದೀಪ ಆರುವುದನ್ನು ನೋಡಿಕೊಂಡು ಮಲಗಿರುವುದೇ ಆಗುತ್ತಿತ್ತು, ಮಗನ ನೆನಪಿಗೆ ಒಂದು ಗೋಡೆಯಾದರೂ ಇರಲಿ ಎಂದು ಸೊಸೆಯನ್ನು ಅಲ್ಲಿ ಕಾವಲಿಗೆ ಇಟ್ಟಂತಾಯಿತಲ್ಲ ಎಂದು ದಿನಾ ಅನ್ನಿಸುತ್ತಿತ್ತು ಎಂದರು. ಊಟವಾದ ಮೇಲೆ ಇಬ್ಬರೂ ರುದ್ರಮುನಿಯವರ ಪುಸ್ತಕ, ಕನ್ನಡಕ, ಚಾಪೆ, ಕಿಟಕಿಯ ಪರದೆ ಎಲ್ಲವನ್ನೂ ಒಳಮನೆಗೆ ತಂದಿಟ್ಟೆವು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಪರದೆಯನ್ನು ಅತ್ತೆ ಮಡಿಸುವುದಕ್ಕೆ ಮೊದಲು ಮೂಸಿ ನೋಡಿದರು.

ಅಮಾವಾಸ್ಯೆಯ ಬೆಳಗ್ಗೆ ನಕಾಶೆ ಇಳಿಸಿ ಉದ್ದನೆಯ ಮೇಜಿನ ಮೇಲೆ ಹಾಸಿದೆವು. ಸಾಬರು ಇದ್ದಲ ಒಲೆಯ ಮೇಲೆ ಕೆಟಲಿಟ್ಟರು. ಅದರ ಮೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಆವಿಯನ್ನು ಕೂಡಿನ ಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತ ಬಂದರು. ನಾನು ಬಿದಿರಿನ ತೆಳು ಚಕ್ಕೆಯನ್ನು ಎರಡು ಕಾಗದಗಳ ನಡುವೆ ತೂರಿಸಬೇಕಿತ್ತು. ಎಳೆಯಬಾರದು, ಎತ್ತಬಾರದು, ಕಾಗದವೇ ಬಿಟ್ಟುಕೊಡುವವರೆಗೆ ಕಾಯಬೇಕು ಎಂದರು. ಮೇಲಿನ ಅಂಚಿನಿಂದ ಶುರು ಮಾಡಿದೆವು. ಜನ ಬಾಗಿಲಲ್ಲಿ, ಕಿಟಕಿಯಲ್ಲಿ ತುಂಬಿದ್ದರು.

ಅಂಟು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬಿಡುತ್ತಿತ್ತು. ಹುಳಿ ವಾಸನೆ. ಅಡಿಯಿಂದ ಮೊದಲು ಬರೀ ಕಂದು ಗೆರೆಗಳು ಬಂದವು. ಒಂದು ಬೋಳು ದಿಬ್ಬ. ಒಣ ಹಳ್ಳವೊಂದರ ಬಾಲ. ಮೇಲೆ ಒಂದು ಶತಮಾನದಿಂದ ಬಿಸಿಲು ಬಿದ್ದು ಕಂದಿದ್ದ ಕಾಗದದ ಕೆಳಗೆ ಈ ಪಟ್ಟಿ ಮಾತ್ರ ಹೊಸದಾಗಿ ಅಚ್ಚಾದಂತೆ ಬೆಳ್ಳಗಿತ್ತು. ನಡುಭಾಗಕ್ಕೆ ಬಂದಾಗ ಚಕ್ಕೆಯ ತುದಿ ಎಲ್ಲೋ ಸಿಕ್ಕಿಕೊಂಡಿತು. ಅಲ್ಲಿ ಅಂಟು ಗಂಟಾಗಿತ್ತು. ಆವಿ ಬಿಟ್ಟರೂ ಕಾಗದ ಬಿಡಲಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು.

ಆಗ ನನ್ನ ಕೈ ನಡುಗಿತು. ಬೆರಳುಗಳಿಂದ ಶುರುವಾಗಿ ಮೊಣಕೈಯವರೆಗೆ. ಚಕ್ಕೆಯನ್ನು ಬಿಟ್ಟು ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಇಪ್ಪತ್ತು ಮನೆಗಳ ಜನ ಇವತ್ತು ರಾತ್ರಿ ಈ ಬಿರುಕಿನ ಮೇಲೆ ಮಲಗುತ್ತಾರೆ ಎಂಬುದು ಆವರೆಗೆ ನನಗೆ ಬರೀ ಗೊತ್ತಿದ್ದ ಸಂಗತಿಯಾಗಿತ್ತು. ಈಗ ಹೆದರಿಕೆಯಾಯಿತು. ಎಷ್ಟೋ ದಿನಗಳ ಮೇಲೆ ನನಗೆ ಏನೋ ಆದದ್ದು ಅದು.

ಸಾಬರು ಬೈಯಲಿಲ್ಲ. ಒಂದು ಲೋಟ ಚಹಾ ತರಿಸಿ ಕುಡಿಸಿದರು. "ಹೆದ್ರಿಕೆ ಇರೋ ಕೈ ಒಳ್ಳೇದವ್ವ. ಅದು ಕಾಯ್ತದೆ," ಎಂದರು. ಒದ್ದೆ ಬಟ್ಟೆಯೊಂದನ್ನು ಗಂಟಿನ ಮೇಲೆ ಹಾಕಿ, ಅದು ತಾನಾಗಿ ನೆನೆಯಲಿ ಎಂದು ಬಿಟ್ಟು ಕೂತೆವು. ಮಾರಕ್ಕ ಕಿಟಕಿಯಿಂದ ಆ ಬಟ್ಟೆಯನ್ನೇ ನೋಡುತ್ತ ನಿಂತಿದ್ದಳು. ಬಿಸಿಲು ಬಾಗಿಲಿನಿಂದ ಮೇಜಿನವರೆಗೆ ಬಂದ ಮೇಲೆ ಮತ್ತೆ ಚಕ್ಕೆ ಹಿಡಿದೆ. ಗಂಟು ಬಿಟ್ಟುಕೊಟ್ಟಿತು. ಬಿರುಕು ಬೆಳೆಯಲಿಲ್ಲ.

ಹಾಳೆಯನ್ನು ಮಗುಚಿದಾಗ ಎಲ್ಲರೂ ಮುಂದೆ ನುಗ್ಗಿದರು. ರಸ್ತೆ ಸೊಟ್ಟಗಿತ್ತು, ಆದರೆ ಅದು ಬರೆದವರ ಕೈತಪ್ಪಲ್ಲ. ನಾಲ್ಕನೇ ಕಲ್ಲು ದಾಟಿದ ಮೇಲೆ ಅದು ತೆಂಕಣಕ್ಕೆ ಬಾಗಿ, ಒಂದು ಸುತ್ತು ಹಾಕಿ, ಮತ್ತೆ ಮೊದಲಿನ ಗೆರೆಗೇ ಬಂದು ಅಂಚನ್ನು ಮುಟ್ಟಿತ್ತು. ಮೂಡಣ ಹಾಳೆಯ ರಸ್ತೆ ಶುರುವಾಗುತ್ತಿದ್ದದ್ದು ಸರಿಯಾಗಿ ಅಲ್ಲಿಂದಲೇ. ಸುತ್ತಿನ ನಡುವೆ ಸಣ್ಣ ಸಣ್ಣ ಕೆಂಪು ಚೌಕಗಳು ಹರಡಿದ್ದವು. ಅವುಗಳ ಪಕ್ಕದಲ್ಲಿ ಒಂದು ನೀಲಿ ಚೌಕ,  ಅದರ ಒಂದು ಬದಿಗೆ ಹಲ್ಲುಹಲ್ಲಾಗಿ ಗೆರೆಗಳು. ಮೆಟ್ಟಿಲು ಬಾವಿಗೆ ಹಾಕುವ ಗುರುತು ಅದು. ಮೇಲೆ ಅಚ್ಚಾದ ಹೆಸರನ್ನು ನಾನು ಗಟ್ಟಿಯಾಗಿ ಓದಿದೆ. ಮುತ್ತುಗದಹಟ್ಟಿ.

ಮಾರಕ್ಕ ಕಿಟಕಿಯ ಸರಳು ಹಿಡಿದು ಕೂತುಬಿಟ್ಟಳು. ಕೊಟ್ರೇಶಪ್ಪ ಕೆಂಪು ಗೆರೆಯನ್ನು ಬೆರಳಿನಿಂದ ಮೂರು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿ, ತುಂಡಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸಾಬರು ಮಾತ್ರ ನೆಲ ನೋಡುತ್ತ ನಿಂತಿದ್ದರು. ಮಾರಕ್ಕ ಎದ್ದು, ಮೊದಲ ಸಲ ಚಾವಡಿಯ ಒಳಗೆ ಬಂದು ಅವರ ಮುಂದೆ ನಿಂತಳು. ಏನು ಹೇಳುತ್ತಾಳೋ ಎಂದು ನಾವೆಲ್ಲ ಕಾದೆವು. "ನಿಮ್ ತಾತ ಮುಚ್ಚಿಟ್ಟಿದ್ಕೆ ಹೊಸ್ದಾಗೇ ಐತೆ ನೋಡು ಸಾಬಣ್ಣ. ಬಿಸ್ಲಿಗೆ ಬಿಟ್ಟಿದ್ರೆ ನಮ್ಮನ್ನೂ ಗೆದ್ಲು ತಿಂತಿತ್ತು," ಎಂದಳು. ಸಾಬರು ಕಣ್ಣೊರೆಸಿಕೊಂಡರು. ಅವಳು ಹಾಗೆಯೇ ನಿಲ್ಲದೆ, "ಆದ್ರೆ ಆ ಪೇಟ ನಮ್ಗೆ ಕೊಡ್ಬೇಕು, ಹಸುಗೂಸು ಸುತ್ತಾಕಾಯ್ತದೆ," ಎಂದೂ ಸೇರಿಸಿದಳು.

ಸಂಜೆಯೊಳಗೆ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಸ ಬಟ್ಟೆಯ ಮೇಲೆ ಅಂಟಿಸಿದೆವು. ನಕಾಶೆಯ ಅಗಲ ಹೆಬ್ಬೆರಳಿನಷ್ಟು ಹೆಚ್ಚಾಯಿತು. ಗೋಡೆಯ ಮೊಳೆಯನ್ನು ಅಷ್ಟೇ ದೂರಕ್ಕೆ ಹೊಡೆದರು. ಆ ರಾತ್ರಿ ನಾನೂ ಸಾಬರೂ ಅಲ್ಲೇ ಕಾದೆವು. ಕೂಡು ಒಣಗಿತು.

ಬೆಳಕು ಹರಿಯುವಾಗ ಮನೆಗೆ ಹೋದೆ. ಹಿತ್ತಿಲಲ್ಲಿ ಕೋಣೆ ಇರಲಿಲ್ಲ. ಅಲ್ಲಿ ನುಣ್ಣನೆಯ ನೆಲ, ಅದರಾಚೆ ಇಷ್ಟು ವರ್ಷ ಕೋಣೆಯ ಹಿಂದೆ ಅಡಗಿದ್ದ ನುಗ್ಗೆ ಮರ ಪೂರ್ತಿ ಕಾಣುತ್ತಿತ್ತು. ಅತ್ತೆ ಅದರ ಕೆಳಗೆ ನಿಂತು ಕಾಯಿ ಕೀಳುತ್ತಿದ್ದರು. ಇಷ್ಟು ಕಾಯಿ ಬಿಟ್ಟಿರುವುದು ಗೊತ್ತೇ ಇರಲಿಲ್ಲ ನೋಡು ಎಂದರು. ನಾನು ಎದೆ ಮುಟ್ಟಿ ನೋಡಿಕೊಂಡೆ. ನೋವಿತ್ತು. ಅದರ ಜೊತೆಗೆ, ಬಹಳ ಹೊತ್ತು ಹೊತ್ತಿದ್ದ ಕೊಡವನ್ನು ಯಾರೋ ಇಳಿಸಿಕೊಂಡಂತೆಯೂ ಇತ್ತು. ಅಷ್ಟರಲ್ಲಿ ಕೊಟ್ರೇಶಪ್ಪ ಬಾಗಿಲಿಗೇ ಬಸ್ಸು ತಂದು ಹಾರನ್ ಹೊಡೆದ. ರಸ್ತೆ ನೋಡದೆ ಪ್ರಯಾಣಿಕರನ್ನು ಹತ್ತಿಸುವುದಿಲ್ಲ, ಹೋಗುವುದಾದರೆ ನೀವೂ ಬರಬೇಕು ಎಂದ.

ಬಸ್ಸಿನಲ್ಲಿ ನಾವಿಬ್ಬರೇ. ನಾಲ್ಕನೇ ಕಲ್ಲು ಬಂತು. ಕೊಟ್ರೇಶಪ್ಪ ವೇಗ ಇಳಿಸಿದ. ರಸ್ತೆ ಬಲಕ್ಕೆ ಬಾಗಿತ್ತು. ಅವನು ಇಲ್ಲಿ ಸ್ಟೇರಿಂಗ್ ತಿರುಗಿಸಿದವನೇ ಅಲ್ಲ. ಈ ದಾರಿಯಲ್ಲಿ ಕಣ್ಣು ಮುಚ್ಚಿ ಓಡಿಸುತ್ತೇನೆಂದು ಜಂಬ ಪಡುತ್ತಿದ್ದ. ಈಗ ಎರಡೂ ಕೈಯಲ್ಲಿ ಹಿಡಿದು ಮುದುಕಿಯನ್ನು ನಡೆಸುವಂತೆ ಬಸ್ಸನ್ನು ತಿರುಗಿಸಿದ. ಎಡಕ್ಕೆ ಬಿಳಿಯ ಕಲ್ಲು, ಮೇಲೆ ಐದು. ಅದನ್ನು ದಾಟಿದೊಡನೆ ಬಯಲು ತೆರೆದುಕೊಂಡಿತು.

ಮನೆಗಳು ಬಿಡಿಬಿಡಿಯಾಗಿ ನಿಂತಿದ್ದವು. ಪ್ರತಿ ಮನೆಯ ಮುಂದೆ ಅಂಗಳ, ಹಿಂದೆ ಹೊಲ. ಹೂ ಮುಗಿದ ಮುತ್ತುಗದ ಮರಗಳು ನಡುವೆ. ಜನ ಹೊಸ್ತಿಲಲ್ಲೇ ನಿಂತಿದ್ದರು, ಅಂಗಳಕ್ಕೆ ಕಾಲಿಡಲು ಯಾರ ಅಪ್ಪಣೆಗೋ ಕಾಯುವವರಂತೆ. ಮಕ್ಕಳು ಮಾತ್ರ ಒಂದು ಮನೆಯ ಗೋಡೆಯನ್ನು ಸುತ್ತು ಹಾಕಿ ಬಂದು, ಮತ್ತೆ ಸುತ್ತು ಹಾಕಿ, ಗೋಡೆಗೆ ಹಿಂಬದಿಯಿದೆ ಎಂದು ಕಿರುಚುತ್ತಿದ್ದವು. ಹೊಳೆಯಾಚೆಯಿಂದ ಬಂದ ಗಾಡಿಗಳು ರಸ್ತೆಯ ತಿರುವಿನಲ್ಲಿ ಸಾಲಾಗಿ ನಿಂತಿದ್ದವು. ಕಟ್ಟಿಟ್ಟ ಗಂಟುಮೂಟೆಗಳನ್ನು ಗಂಡಸರು ಒಳಗೆ ಒಯ್ಯುತ್ತಿದ್ದರು. ಗಾಡಿಯವನೊಬ್ಬ ಬಂದದ್ದಕ್ಕೆ ಏನಾದರೂ ಹೇರಲೇಬೇಕೆಂದು ಹಟ ಹಿಡಿದು, ಕೊನೆಗೆ ಯಾರದೋ ಹೊಲಕ್ಕೆ ಗೊಬ್ಬರ ಹೇರಲು ಒಪ್ಪಿದ.

ಮಾರಕ್ಕ ಬಾವಿಯ ಬಾಯಲ್ಲಿ ನಿಂತಿದ್ದಳು. ಕಲ್ಲಿನ ಮೆಟ್ಟಿಲುಗಳು ಇಳಿದು ಹೋಗಿದ್ದವು. ಕೆಳಗೆ ಆಕಾಶದ ಒಂದು ತುಂಡು ಅಲುಗದೆ ಕುಳಿತಿತ್ತು. ಅವಳು ಇನ್ನೂ ಇಳಿದಿರಲಿಲ್ಲ. ನಾನು ಪಕ್ಕಕ್ಕೆ ಹೋಗಿ ನಿಂತೆ.

"ನಮ್ಮಜ್ಜಿ ಸುಳ್ಳು ಯೋಳಿರ್ಲಿಲ್ಲ ಕಣವ್ವ," ಎಂದಳು. ಅಷ್ಟು ಹೇಳಿ ಮೂಗು ಒರೆಸಿಕೊಂಡು, ಇದ್ದ ಎರಡು ಕೊಡಗಳಲ್ಲಿ ಒಂದನ್ನು ನನ್ನ ಸೊಂಟಕ್ಕೆ ಒತ್ತಿದಳು. "ಸುಮ್ಕೆ ನಿಂತ್ಕಂಡು ನೋಡಾಕೆ ಬಂದ್ಯಾ? ಹಿಡ್ಕಾ."

ಇಬ್ಬರೂ ಇಳಿದೆವು. ಮೆಟ್ಟಿಲುಗಳ ಮೇಲೆ ಪಾಚಿ. ಅವಳು ನನ್ನ ರೆಟ್ಟೆ ಹಿಡಿದಿದ್ದಳೋ ನಾನು ಅವಳದು ಹಿಡಿದಿದ್ದೆನೋ ತಿಳಿಯಲಿಲ್ಲ. ತುಂಬಿದ ಕೊಡ ಎತ್ತಿ ರೂಢಿಯಿಲ್ಲದ ನಾನು ಹತ್ತುವಾಗ ಅರ್ಧ ನೀರು ನನ್ನ ಸೀರೆಯ ಮೇಲೆಯೇ ಸುರಿಯಿತು. ತಣ್ಣಗಿತ್ತು. ಮೈ ಜುಮ್ಮೆಂದಿತು. ನಾನು ಅಯ್ಯೋ ಎಂದೆ, ಆಮೇಲೆ ನಕ್ಕೆ. ನಗುತ್ತ ನಗುತ್ತ ಅಳು ಬಂತು. ಮಾರಕ್ಕ ಏನೂ ಕಾಣದವಳಂತೆ ಮುಂದೆ ನಡೆದು, ಅಳೋದಾದ್ರೆ ಕೊಡ ಇಳಿಸಿ ಅಳು, ಇರೋ ನೀರೂ ಚೆಲ್ಲಿಬಿಡಬೇಡ ಎಂದಳು. ಇಳಿಸಿ ಅತ್ತೆ. ಸಾಕಷ್ಟು ಅತ್ತೆ. ಅವಳು ಅಷ್ಟು ಹೊತ್ತೂ ಬೆನ್ನು ತೋರಿಸಿಕೊಂಡು ನಿಂತಿದ್ದು, ಆಮೇಲೆ ನಡಿ ಎಂದಳು.

ಅವಳ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿದ್ದರು. ಅಂಗಳದಲ್ಲಿ ಕೂರಿಸಿ ಒಂದು ಕೊಟ್ಟರು. ತಿಂದೆ. ಇನ್ನೊಂದು ಕೊಡುತ್ತೀರಾ ಎಂದು ಕೇಳಿದೆ. ಯಾರ ಮನೆಯಲ್ಲೂ ನಾನು ಹೀಗೆ ಕೇಳಿದವಳಲ್ಲ. ತಿರುವಿನಲ್ಲಿ ಕೊಟ್ರೇಶಪ್ಪ ಹಾರನ್ ಹೊಡೆಯತೊಡಗಿದ. ನಾನು ಏಳಲು ಹೋದೆ.

"ಕೂತ್ಕ," ಎಂದಳು ಮಾರಕ್ಕ. "ಹೊಡ್ಕಳ್ಲಿ ಬಿಡು. ಇನ್ಮ್ಯಾಕೆ ಇಲ್ಲಿ ನಿಂತೇ ಹೋಗ್ಬೇಕು ಅವ್ನು."

ನಾನು ಏಳಲಿಲ್ಲ. ರೊಟ್ಟಿ ಬಿಸಿಯಾಗಿತ್ತು.